ಹುಳುಮನೆಯಲ್ಲಿ ಅಪ್ಪ

ಅಪ್ಪ ಕುಸಿದದ್ದು ಮಾಲೂರಿನ ಇಟ್ಟಿಗೆ ಗೂಡಿನಲ್ಲಿ, ಲಾರಿಗೆ ಲೋಡು ತುಂಬಿಸುತ್ತಾ ನಿಂತಿದ್ದಾಗ. ತಲೆಯ ಹಿಂಭಾಗಕ್ಕೆ ಯಾರೋ ಇಟ್ಟಿಗೆಯಲ್ಲಿ ಹೊಡೆದ ಹಾಗಾಯಿತಂತೆ. ತಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ. ಇಷ್ಟನ್ನು ಅವನು ಹೇಳಿದ್ದು ಬಹಳ ತಿಂಗಳ ಮೇಲೆ, ನಾಲಿಗೆ ಸ್ವಲ್ಪ ಹೊರಳತೊಡಗಿದ ನಂತರ. ಆವತ್ತು ಅವನ ಬಾಯಿಂದ ಬಂದದ್ದು ‘ತಲೆ’ ಎಂಬ ಒಂದು ಮಾತು ಮಾತ್ರ. ಗೂಡಿನ ಆಳುಗಳು ಅದೇ ಲಾರಿಯ ಮುಂದಿನ ಸೀಟಿನಲ್ಲಿ ಅವನನ್ನು ಒರಗಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ತಂದರು. ಅವನ ಅಂಗಿಯ ಮೇಲೆಲ್ಲ ಕೆಂಪು ದೂಳಿತ್ತು. ಮೊದಲು ನೋಡಿದಾಗ ನಾನು ಅದನ್ನು ರಕ್ತವೆಂದುಕೊಂಡೆ.

ಆಗ ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬೆಂಗಳೂರಿನಲ್ಲೇ ಇದ್ದೆ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿದಿತ್ತು, ಹಾಸ್ಟೆಲಿನ ಕೋಣೆ ಖಾಲಿ ಮಾಡುವ ಹೊತ್ತು. ಟ್ರಂಕಿಗೆ ತುಂಬಿದ್ದ ಪುಸ್ತಕಗಳನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಹೋದೆ. ತಲೆಯೊಳಗನ್ನು ನೋಡುವ ಯಂತ್ರ ಆಗ ನಮ್ಮಂಥವರಿಗೆ ಸಿಗುತ್ತಿರಲಿಲ್ಲ. ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ನೀರು ತೆಗೆದರು. ಆ ನೀರು ತಿಳಿಯಾಗಿರಬೇಕು. ಡಾಕ್ಟರು ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅದು ಮಾಂಸ ತೊಳೆದ ನೀರಿನ ಹಾಗಿತ್ತು.

ವಾರ್ಡಿನಲ್ಲಿ ಮಂಚಗಳಿಗಿಂತ ರೋಗಿಗಳು ಹೆಚ್ಚು. ಅಪ್ಪನ ಮಂಚದ ಕೆಳಗೂ ಒಬ್ಬರು ಚಾಪೆಯ ಮೇಲೆ ಮಲಗಿ ಕೆಮ್ಮುತ್ತಿದ್ದರು. ಕೆಲವು ವಾರವಾದ ಮೇಲೆ ಒಬ್ಬ ಡಾಕ್ಟರು, ನನಗಿಂತ ಎಷ್ಟೋ ದೊಡ್ಡವರೇನಲ್ಲ, ನನ್ನನ್ನು ವರಾಂಡಕ್ಕೆ ಕರೆದರು.

“ನೀವು ಓದಿದೋರು ಅಂತ ಹೇಳ್ತಿದೀನಿ. ಒಡೆದ ರಕ್ತನಾಳ ತಾನಾಗೇ ಮುಚ್ಕೊಂಡಿದೆ. ಮತ್ತೆ ಒಡೀಬಾರ್ದು. ಅಳಬಾರ್ದು, ತಿಣುಕಬಾರ್ದು, ಸಿಟ್ಟು ಮಾಡ್ಕೋಬಾರ್ದು. ಇನ್ನೊಂದು, ಸೋಂಕು. ತಲೇಲಿ ರಕ್ತ ಆದ್ಮೇಲೆ ಮೈಯಲ್ಲಿ ತಡೆಯೋ ಶಕ್ತಿ ಕುಗ್ಗಿರುತ್ತೆ. ತಲೆಯಿಂದ ಉಳ್ಕೊಂಡೋರು ಎದೆಯಿಂದ ಹೋಗಿಬಿಡ್ತಾರೆ. ಈ ವಾರ್ಡಿಗಿಂತ ಮನೇನೇ ವಾಸಿ, ಕರ್ಕೊಂಡ್ ಹೋಗಿ. ಜನ ಮಾತ್ರ ಸೇರಿಸ್ಬೇಡಿ.”

ಅವರು ಹೇಳಿದ್ದು ನನಗೆ ಹೊಸದಲ್ಲ. ಅದರ ಚಿತ್ರವನ್ನು ನಾನು ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದೆ: ಮಿದುಳಿನ ಬುಡದಲ್ಲಿ ಹೈಪೊಥಾಲಮಸ್, ಅದರ ಕೆಳಗೆ ಜೋತಾಡುವ ಪಿಟ್ಯುಟರಿ, ಅಲ್ಲಿಂದ ಕೆಳಗೆ ಬಾಣದ ಗುರುತು, ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ. ದೇಹಕ್ಕೆ ಭಾರಿ ಪೆಟ್ಟು ಬಿದ್ದಾಗ ಈ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಆ ಗಳಿಗೆಯಲ್ಲಿ ಜೀವ ಉಳಿಸುವುದು ಅದೇ. ಆದರೆ ಅದು ಬಹಳ ದಿನ ಸುರಿಯುತ್ತಲೇ ಇದ್ದರೆ ರಕ್ತದ ಬಿಳಿಯ ಕಣಗಳು ಕಡಿಮೆಯಾಗುತ್ತವೆ, ಇದ್ದವೂ ಮಂಕಾಗುತ್ತವೆ. ಪ್ರಯೋಗಶಾಲೆಯಲ್ಲಿ ಒಮ್ಮೆ ಚಳಿಗೆ ಸಿಕ್ಕ ಇಲಿಯನ್ನೂ ಬೆಚ್ಚಗಿದ್ದ ಇಲಿಯನ್ನೂ ಪಕ್ಕಪಕ್ಕ ಸೀಳಿ ತೋರಿಸಿದ್ದರು. ಎದೆಗೂಡಿನಲ್ಲಿ ಬೆಳ್ಳಗೆ ಹರಡಿಕೊಂಡಿರಬೇಕಾದ, ಆ ಬಿಳಿಯ ಕಣಗಳನ್ನು ಪಳಗಿಸುವ ಥೈಮಸ್ ಗ್ರಂಥಿ ಮೊದಲನೆಯದರಲ್ಲಿ ಸುಕ್ಕುಗಟ್ಟಿ ಚೂರಿನಷ್ಟಾಗಿತ್ತು. ನಾನು ಪೆನ್ಸಿಲಿನಿಂದ ಎರಡನ್ನೂ ಬಿಡಿಸಿ ಹೆಸರು ಬರೆದಿದ್ದೆ. ಅಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು.

ಮಿದುಳಿನ ಊತ ಇಳಿಯಲೆಂದು ಅಪ್ಪನಿಗೆ ಕೊಡುತ್ತಿದ್ದ ಮಾತ್ರೆಯೂ ಅದೇ ಜಾತಿಯ ಹಾರ್ಮೋನು. ದೇಹ ಸುರಿಯುತ್ತಿದ್ದುದರ ಮೇಲೆ ನಾವೂ ಒಂದಿಷ್ಟು ಸುರಿಯುತ್ತಿದ್ದೆವು. ಬೇರೆ ದಾರಿ ಇರಲಿಲ್ಲ. ಮನೆಗೆ ಹೋದ ಮೇಲೂ ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಬರಬೇಕು, ಒಮ್ಮೆಲೇ ನಿಲ್ಲಿಸಬಾರದು ಎಂದು ಹೇಳಿ ಕಳಿಸಿದರು.

ನಮ್ಮ ಊರು ಕ್ಯಾಲನೂರಿನ ಹತ್ತಿರ. ಸ್ವಲ್ಪ ರಾಗಿ ಹೊಲ, ಬಾವಿಯ ಕೆಳಗೆ ಹಿಪ್ಪುನೇರಳೆ ತೋಟ, ಎರಡು ಹಸು. ಅಪ್ಪ ದುಡಿಯಲು ಮಾಲೂರಿಗೆ ಹೋಗುತ್ತಿದ್ದುದರಿಂದ ರೇಷ್ಮೆ ಹುಳು ಸಾಕುವುದು ಪೂರ್ತಿ ಅಮ್ಮನ ಕೆಲಸ. ಬಾಡಿಗೆ ಕಾರು ಮನೆಯ ಮುಂದೆ ನಿಂತು ಅಪ್ಪನನ್ನು ಇಳಿಸಿಕೊಳ್ಳುವಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರದೆ ಇರುವುದೆಂದರೆ ಸಂಬಂಧ ಮುರಿದುಕೊಂಡ ಹಾಗೆ. ಬಂದವರನ್ನು ಒಳಗೆ ಬಿಡದಿರುವುದು ಅದಕ್ಕಿಂತ ಹೆಚ್ಚು. ಮದುವೆಗೆ ಬರದಿದ್ದರೆ ಕ್ಷಮೆಯುಂಟು, ಮಲಗಿದವರನ್ನು ನೋಡಲು ಬರದವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಎಲ್ಲರೂ ಬಂದರು. ಬಾಳೆಹಣ್ಣು, ಬ್ರೆಡ್ಡು, ಎಳನೀರು ತಂದರು. ಮುಳಬಾಗಿಲಿನಿಂದ ಅಮ್ಮನ ಕಡೆಯವರು ಒಂದು ಬಸ್ಸಿಗೆ, ಮಾಲೂರಿನ ಗೂಡಿನವರು ಇನ್ನೊಂದು ಬಸ್ಸಿಗೆ. ನೆಗಡಿಯವರು, ಬೀಡಿಯವರು, ಮೂಗು ಸೋರುವ ಕಂಕುಳ ಕೂಸುಗಳು. ಬಂದವರೆಲ್ಲ ಹಾಸಿಗೆಯ ಮೇಲೆ ಬಗ್ಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ನಾನ್ಯಾರು ಹೇಳು ನೋಡಾನ?”

ಅಪ್ಪನಿಗೆ ಅವರು ಯಾರೆಂದು ಗೊತ್ತಿರುತ್ತಿತ್ತು. ಕಣ್ಣು ನೋಡಿದರೆ ನನಗೆ ತಿಳಿಯುತ್ತಿತ್ತು. ಹೆಸರು ಬಾಯಿಗೆ ಬರುತ್ತಿರಲಿಲ್ಲ. ತುಟಿಯ ಬಲಗಡೆ ಜೋತುಹೋಗಿತ್ತು. ಅವನು ಹೆಸರಿಗಾಗಿ ತಡಕಾಡುತ್ತಿದ್ದ, ಕತ್ತಿನ ನರ ಉಬ್ಬುತ್ತಿತ್ತು, ಕೊನೆಗೆ ಅಳುತ್ತಿದ್ದ. ಅವನು ಅತ್ತರೆ ಬಂದವರೂ ಅಳುತ್ತಿದ್ದರು. ನಾನು ಅವನ ಮಣಿಕಟ್ಟು ಹಿಡಿದು ಕೂತಿರುತ್ತಿದ್ದೆ. ನಾಡಿ ಕುದುರೆಯ ಹಾಗೆ ಓಡುತ್ತಿತ್ತು.

ಇವರಲ್ಲಿ ಅತ್ತೆಯದೇ ದೊಡ್ಡ ಗಂಟಲು. ಅಪ್ಪನ ಅಕ್ಕ, ಶ್ರೀನಿವಾಸಪುರದ ಆಚೆಗೆ ಕೊಟ್ಟಿದ್ದರು. ಆ ಕಡೆಯವರ ಹಾಗೆ ಅರ್ಧ ಮಾತು ತೆಲುಗು. ತಮ್ಮನನ್ನು ಬಿಟ್ಟು ಹೋಗುವುದಿಲ್ಲವೆಂದು ಗಂಟು ಸಮೇತ ಬಂದು ಉಳಿದಿದ್ದಳು. ಬೆಳಿಗ್ಗೆ ಎದ್ದರೆ ಹಾಸಿಗೆಯ ಪಕ್ಕ ಕೂತು ಕೆನ್ನೆ ಹಿಡಿದು ಶುರುಮಾಡುತ್ತಿದ್ದಳು.

“ನೇನೆವರೋ ಚೆಪ್ಪು ನಾಯನಾ? ಯಾರಪ್ಪಾ ನಾನು? ನಿನ್ನ ಎತ್ತಿ ಆಡ್ಸಿದೋಳು ಕಣೋ!”

“ಅತ್ತೆ, ಕೇಳ್ಬೇಡಿ. ಅವರಿಗೆ ಆಯಾಸ ಆಗುತ್ತೆ,” ಎಂದೆ.

“ಕೇಳ್ದೆ ಇದ್ರೆ ಮರ್ತೋಗ್ತಾನೆ ಕಣಮ್ಮ. ಮಕ್ಕಳಿಗೆ ಮಗ್ಗಿ ಕೇಳಲ್ವಾ, ಹಂಗೇ.”

“ಡಾಕ್ಟರು ಜನ ಸೇರಿಸ್ಬೇಡಿ ಅಂದಿದಾರೆ.”

ಅತ್ತೆ ಅಮ್ಮನ ಕಡೆ ತಿರುಗಿದಳು. “ನೋಡಿದ್ಯಾ ಮರದಲಾ? ನಾವು ಜನ. ನಿನ್ ಮಗಳು ಬೆಂಗ್ಳೂರಲ್ಲಿ ಇದೇ ಓದಿದ್ದು. ಒಡಹುಟ್ಟಿದೋರು ಯಾರು, ಜನ ಯಾರು ಅಂತ.” ‘ಮರದಲು’ ಎಂದರೆ ಅವರ ತೆಲುಗಿನಲ್ಲಿ ತಮ್ಮನ ಹೆಂಡತಿ. ಅಮ್ಮ ತಲೆ ತಗ್ಗಿಸಿ ಕಾಫಿ ಸೋಸುತ್ತಿದ್ದಳು. ಬಂದವರಿಗೆಲ್ಲ ಕಾಫಿ ಕಾಯಿಸುವುದೇ ಅವಳ ಕೆಲಸವಾಗಿತ್ತು.

ಬಾಗಿಲಿಗೆ ಅಗಳಿ ಹಾಕಿ ನೋಡಿದೆ. ಕಿಟಕಿಯಿಂದ ಕೈ ಹಾಕಿ ತೆಗೆದರು. ಡಾಕ್ಟರ ಮಾತನ್ನು ಮತ್ತೆಮತ್ತೆ ಹೇಳಿದೆ. “ಡಾಕ್ಟ್ರು ಹಂಗೇ ಹೇಳೋದು, ನಾವು ಬಾಗ್ಲಲ್ಲೇ ನಿಂತ್ಕೊಂಡು ನೋಡ್ತೀವಿ,” ಎಂದು ಒಳಗೆ ಬಂದರು. ಬೈಯುವುದು ನನ್ನಿಂದಾಗದ ಕೆಲಸ. ನಾನು ಹೆಚ್ಚು ಮಾತಾಡುವವಳಲ್ಲ, ಆ ದಿನಗಳಲ್ಲಿ ಇನ್ನೂ ಕಡಿಮೆಯಾಯಿತು. ಬಾಯೊಳಗೆ ಹುಣ್ಣಾಗಿ ಉಪ್ಪು ಖಾರ ಮುಟ್ಟುವಂತಿರಲಿಲ್ಲ. ಅಮ್ಮನ ಬಲಗೈ ತೋರುಬೆರಳಿಗೆ ಉಗುರುಸುತ್ತು ಎದ್ದಿತ್ತು. ಎಷ್ಟೋ ದಿನವಾದರೂ ಮಾಯುತ್ತಿರಲಿಲ್ಲ, ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಹಾರ್ಮೋನು ಸುರಿಯುತ್ತಿದ್ದುದು ಅಪ್ಪನ ಮೈಯಲ್ಲಿ ಮಾತ್ರವಲ್ಲ ಎಂದು ನನಗೆ ಹೊಳೆದದ್ದು ಆಗ. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಗೊತ್ತಿದ್ದರೂ ಹುಣ್ಣು ಉರಿಯುತ್ತಲೇ ಇತ್ತು.

ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಹಿತ್ತಲಲ್ಲಿ ಅಪ್ಪನ ಬಟ್ಟೆ ಕುದಿಸುತ್ತಾ ಅಮ್ಮನಿಗೆ ಹೇಳಲು ಕೂತೆ. ಗ್ರಂಥಿಯ ಹೆಸರುಗಳಿಂದ ಶುರುಮಾಡಿ ಅರ್ಧದಲ್ಲಿ ನಿಲ್ಲಿಸಿದೆ. ಅವಳಿಗಲ್ಲ, ನನಗೇ ಸುಸ್ತಾಗಿತ್ತು.

“ಅಮ್ಮ, ಸೆಕೆಗೆ ಹುಳ ಬಾಡ್ತವಲ್ಲ, ಆಗ ಹಾಲುತೊಂಡೆ ರೋಗ ಬರುತ್ತಲ್ಲ. ರೋಗ ಸೆಕೆಯಿಂದ ಬರಲ್ಲ. ಅದು ಮೊದ್ಲಿಂದ ಹುಳದ್ ತಟ್ಟೇಲೇ ಇರುತ್ತೆ. ಹುಳಕ್ಕೆ ತಡ್ಕೊಳೋ ಶಕ್ತಿ ಹೋದಾಗ ಹತ್ಕೊಳ್ಳುತ್ತೆ.”

“ಹೂಂ.”

“ಅಪ್ಪನೂ ಹಂಗೇ. ತಲೇಲಿ ರಕ್ತ ಆಗಿದ್ದು ಸೆಕೆ ಹೊಡೆದ ಹಂಗೆ. ಬರೋರ ಕೆಮ್ಮು ನೆಗಡಿ ನಮಗೆ ಏನೂ ಮಾಡಲ್ಲ. ಅಪ್ಪನಿಗೆ ತಗಲಿದ್ರೆ ಎದೆಗೆ ಇಳಿಯುತ್ತೆ. ಈ ತಿಂಗಳು ದಾಟಿದ್ರೆ ಉಳೀತಾನೆ.”

ಅಮ್ಮ ಕೋಲಿನಿಂದ ಬಟ್ಟೆಯನ್ನೆಲ್ಲ ಒಮ್ಮೆ ಮಗುಚಿದಳು. ಆಮೇಲೆ, “ಹುಳ್‌ಮನೇಲಿ ಮಲಗಿಸ್ಬಿಡಾನ,” ಎಂದಳು.

ನಮ್ಮ ಹುಳುಮನೆ ಹಿತ್ತಲಿಗೆ ಹೊಂದಿಕೊಂಡ ಉದ್ದ ಕೋಣೆ. ಹೆಂಚಿನ ಸೂರು, ಎರಡು ಕಡೆ ಸರಳಿನ ಕಿಟಕಿ, ನೊಣ ಬರದಂತೆ ತೆಳು ಬಟ್ಟೆ, ಒಳಗೆ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಅಟ್ಟಣೆ. ಆಗ ಅಮ್ಮ ಹುಳು ಇಟ್ಟಿರಲಿಲ್ಲ, ಕೋಣೆ ಖಾಲಿಯಿತ್ತು. ಹುಳು ಇದ್ದಾಗ ಅಲ್ಲಿಗೆ ಹೊರಗಿನವರು ಕಾಲಿಡುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಸಾಕು, ಒಡಹುಟ್ಟಿದವರೂ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಒಳಗೆ ಹೋಗುವ ಮನೆಯವರೂ ಹೊಸಿಲಾಚೆ ಕಾಲು ತೊಳೆದು ಸುಣ್ಣದ ಪುಡಿ ತುಳಿದು ಹೋಗಬೇಕು. ಬೀಡಿ ಸೇದಿದವರು ಹೋಗುವಂತಿಲ್ಲ. ಒಗ್ಗರಣೆಯ ಹೊಗೆ ಸುಳಿಯುವಂತಿಲ್ಲ. ಜೋರಾಗಿ ಮಾತಾಡುವಂತಿಲ್ಲ. ಹೊರಗಾದ ಹೆಂಗಸರು ನೆರಳು ಕೂಡ ಹಾಯಿಸುವಂತಿಲ್ಲ. ಇದರಲ್ಲಿ ಯಾರೂ ಯಾರಿಗೂ ಅವಮಾನ ಮಾಡಿದ ಹಾಗಾಗುವುದಿಲ್ಲ. ಅವರವರ ಮನೆಯಲ್ಲೂ ಇದೇ ಕಟ್ಟಲೆ.

“ಬೇವಿನ ಸೊಪ್ಪು ಸಿಕ್ಕಿಸಿ ಹುಳ ಇದೆ ಅಂದ್ಬಿಡೋಣ,” ಎಂದೆ.

“ಸುಳ್ ಯಾಕೆ ಹೇಳ್ಬೇಕು? ನಾಕು ತಟ್ಟೆ ಹುಳ ಮಡಗ್ತೀನಿ.”

ಹಾಗೇ ಮಾಡಿದಳು. ಪಕ್ಕದ ಊರಿನಲ್ಲಿ ಬೆಳವಣಿಗೆಯ ಎರಡನೇ ಹಂತ ದಾಟಿದ ಹುಳುಗಳನ್ನು ಒಂದಿಷ್ಟು ಕೇಳಿ ತಂದಳು. ಹುಳುಮನೆಗೆ ಹೊಡೆದಿದ್ದ ಔಷಧಿಯ ಘಾಟು ಹೋಗುವವರೆಗೆ ನಾನು ಕಿಟಕಿ ಬಾಗಿಲು ತೆರೆದು ಕಾದೆ. ಗೋಡೆಗೆ ಸುಣ್ಣ ಬಳಿದೆವು. ಒಂದು ಕೊನೆಯಲ್ಲಿ ಅಪ್ಪನ ಮಂಚ, ಇನ್ನೊಂದು ಕೊನೆಯಲ್ಲಿ ಹುಳುವಿನ ತಟ್ಟೆ, ನಡುವೆ ಹಳೆಯ ಸೀರೆಯ ಪರದೆ. ಬೆಳಿಗ್ಗೆ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು.

ಅತ್ತೆ ಎದ್ದು ಬಂದು ನೋಡಿ, ಹೊಸಿಲಿನ ಹತ್ತಿರ ತಾನಾಗಿಯೇ ನಿಂತಳು.

“ನನ್ ತಮ್ಮುಣ್ಣಿ ಹುಳದ್ ಜೊತೆ ಮಲಗಿಸಿದ್ಯೇನೇ?”

“ಒಳ್ಳೆ ಗಾಳಿ ಬರ್ತದೆ ವದಿನಾ. ನನಗೂ ಎರಡೂ ಕಡೆ ಓಡಾಡೋದು ತಪ್ತು,” ಎಂದಳು ಅಮ್ಮ, ಅತ್ತಿಗೆಯನ್ನು ಅವಳ ತೆಲುಗಿನಲ್ಲೇ ಕರೆದು. ಅದೂ ಸುಳ್ಳಾಗಿರಲಿಲ್ಲ.

ಅತ್ತೆ ನಶ್ಯದವಳು, ಹೊಗೆಸೊಪ್ಪಿನ ಕೈ, ಒಳಗೆ ಹೋಗುವ ಹಾಗೇ ಇರಲಿಲ್ಲ. ಆಮೇಲೆ ಸೂರಿನ ಕೆಳಗೆ ಒಂದು ಗೋಣಿಚೀಲ ಹಾಸಿಕೊಂಡು ಬಾಗಿಲಿಗೆ ಅಡ್ಡ ಕೂತಳು. ಅಲ್ಲಿಂದ ಮುಂದೆ ನಾವು ಯಾರನ್ನೂ ತಡೆಯಬೇಕಾಗಲಿಲ್ಲ.

“ಏಯ್, ಎಲ್ಲಿಗ್ಲಾ ನುಗ್ತೀಯ? ಹುಳ ಅವೆ, ಕಾಣಲ್ವಾ? ಆಚೆ ನಿಂತ್ಕೊಂಡ್ ಕೇಳು. ಬೀಡಿ ಬೇರೆ ಸೇದವ್ನೆ ನನ್ಮಗ!”

“ಅಲ್ಲ ಅಕ್ಕಯ್ಯ, ಮುಖ ಒಂಚೂರು ನೋಡ್ಬಿಟ್ಟು...”

“ಮುಖ ಏನು ನೋಡ್ತೀಯ? ಹೋದ್ ವಾರ ಇದ್ದಂಗೇ ಐತೆ. ಹಣ್ಣು ಇಲ್ಲಿಟ್ಟು ಹೋಗು.”

ಬಂದವರು ನಕ್ಕು, ಕಿಟಕಿಯ ಕಡೆ ಕೈಮುಗಿದು, ಬೇವಿನ ಸೊಪ್ಪಿನಿಂದ ದೂರ ನಿಂತು ಹೋಗುತ್ತಿದ್ದರು. ಒಳಗೆ ಪರದೆಯಾಚೆ ಹುಳುಗಳು ಸೊಪ್ಪು ಮೇಯುವ ಸಣ್ಣ ಸದ್ದು. ಅಪ್ಪ ಅದನ್ನು ಕೇಳುತ್ತಾ ಕಣ್ಣು ಮುಚ್ಚುತ್ತಿದ್ದ. ಅಳು ನಿಂತಿತು. ನಾಡಿ ಇಳಿಯಿತು. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಕೆಲಸ ಮಾತ್ರ ಮುಗಿಯುತ್ತಿರಲಿಲ್ಲ. ಅವನನ್ನು ಎಡಕ್ಕೆ ಹೊರಳಿಸುವುದು, ಬಲಕ್ಕೆ ಹೊರಳಿಸುವುದು. ಮೈ ಒರೆಸುವುದು. ಕೂರಿಸಿ, ಗದ್ದ ತಗ್ಗಿಸಿ, ರಾಗಿ ಅಂಬಲಿಯನ್ನು ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸುವುದು. ಅವಸರ ಮಾಡಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹಾಸಿಗೆ ಬದಲಿಸುವುದು, ಒಗೆಯುವುದು, ಕುದಿಸುವುದು, ಒಣಗಿಸುವುದು. ಆಸ್ಪತ್ರೆಯಲ್ಲಿದ್ದಾಗಲೇ ಅವನ ಟೊಂಕದ ಕೆಳಗೆ ಚರ್ಮ ಕಿತ್ತು ಹುಣ್ಣಾಗಿತ್ತು. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಒಣ ಬಟ್ಟೆಯಿಂದ ಒತ್ತಬೇಕು. ಆ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಗಳು ನೋಡಬಾರದ್ದು ಎಂದು ಅತ್ತೆ ಗೊಣಗಿದ್ದಳು. ಅಪ್ಪನೂ ಮೊದಮೊದಲು ಮುಖ ಗೋಡೆಗೆ ತಿರುಗಿಸುತ್ತಿದ್ದ. ನಾನೂ ಅವನ ಮುಖ ನೋಡುತ್ತಿರಲಿಲ್ಲ. ಹುಣ್ಣನ್ನು ಮಾತ್ರ ನೋಡುತ್ತಿದ್ದೆ: ಅಂಚು ಕೆಂಪೋ, ಬಿಳಿಯೋ, ವಾಸನೆ ಇದೆಯೋ ಇಲ್ಲವೋ.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಹೊರಗಾದೆ.

ಯಾರಿಗೂ ಹೇಳದೆ ಒಳಗೆ ಹೋಗಬಹುದಿತ್ತು ಎಂದು ಯಾರಾದರೂ ಅನ್ನಬಹುದು. ಹಾಸ್ಟೆಲಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಿದ್ದರು? ಆದರೆ ಆ ಹುಳು ಅಮ್ಮನದು. ಆ ಕಟ್ಟಲೆಯ ಹಿಂದೆಯೇ ನಾವು ಅಪ್ಪನನ್ನು ಅಡಗಿಸಿಟ್ಟಿದ್ದೆವು. ನೀರಿನ ಬೋಸಿಯನ್ನು ಹೊಸಿಲಾಚೆ ಇಟ್ಟು ನಾನು ಹಿಂದೆ ಸರಿದೆ. ಅಮ್ಮ ಮುಖ ನೋಡಿ ತಿಳಿದುಕೊಂಡಳು. ಬೋಸಿ ಎತ್ತಿಕೊಂಡಳು. ಅತ್ತೆ ಗೋಣಿಚೀಲದ ಮೇಲಿಂದ ನನ್ನನ್ನೊಮ್ಮೆ ನೋಡಿ, “ಆಚೆ ಕಡೆ ಕೂತ್ಕೋ ತಾಯಿ, ನೆರಳು ಬೀಳ್ತದೆ,” ಎಂದಳು. ಬೀದಿಯವರು ನೋಡುವ ಹಾಗೆ, ಕೊಟ್ಟಿಗೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತೆ. ಬಹಳ ದಿನಗಳ ಮೇಲೆ ಕೈಗೆ ಕೆಲಸವಿರಲಿಲ್ಲ. ನಿದ್ದೆ ಬರಬೇಕಾಗಿತ್ತು, ಬರಲಿಲ್ಲ.

ಹುಳುಮನೆಯ ಹಿಂದಿನ ಕಿಟಕಿ ಕೊಟ್ಟಿಗೆಯ ಕಡೆಗಿತ್ತು. ಹಗಲೆಲ್ಲ ನಾನು ದೂರದಿಂದ ಆ ಬಟ್ಟೆಯ ಮರೆಯನ್ನೇ ನೋಡಿದೆ. ಸಂಜೆ ಗಾಳಿಗೆ ಬಟ್ಟೆ ಸರಿದಾಗ ಅಮ್ಮ ಕಾಣಿಸಿದಳು. ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಭುಜದಿಂದ ಆನಿಸಿ ಹಿಡಿದು, ಟೊಂಕದ ಹುಣ್ಣನ್ನು ಒರೆಸುತ್ತಿದ್ದಳು. ಒಬ್ಬಳೇ ಮಾಡುವ ಕೆಲಸವಲ್ಲ ಅದು. ನಿಂಬೆಹಣ್ಣು ಅಡ್ಡಬರುತ್ತದೆಂದು ತೆಗೆದು ಕಿಟಕಿಯ ಅಂಚಿನಲ್ಲಿಟ್ಟಿದ್ದಳು. ಬಟ್ಟೆಯನ್ನು ಹಿಡಿದದ್ದು ಅದೇ ಬೆರಳಿನಲ್ಲಿ. ಉಗುರಿನ ಸುತ್ತ ಹಳದಿಗೆ ಕೀವು ಕಟ್ಟಿದ ಬೆರಳು.

ನಾನು ಎದ್ದು ಕಿಟಕಿಯ ಹತ್ತಿರ ಹೋದೆ.

“ಅಮ್ಮ, ಬಿಡು. ಆ ಬೆರಳಲ್ಲಿ ಮುಟ್ಬೇಡ.”

“ದೂರ, ದೂರ!” ಅವಳು ಗಾಬರಿಯಾಗಿ ತಟ್ಟೆಗಳ ಕಡೆ ನೋಡಿದಳು. ಹುಳುಗಳು ಕೊನೆಯ ಹಂತದಲ್ಲಿದ್ದವು, ಇನ್ನು ಕೆಲವೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದವು.

“ನಿನ್ ಬೆರಳಲ್ಲಿರೋ ಕೀವು ಅಪ್ಪನ ಹುಣ್ಣಿಗೆ ಹತ್ತಿದ್ರೆ ರಕ್ತಕ್ಕೆ ಸೇರುತ್ತೆ. ತಡ್ಕೊಳೋ ಶಕ್ತಿ ಅವನಲ್ಲಿಲ್ಲ. ಅದಕ್ಕೇ ತಾನೇ ಊರವರ್ನೆಲ್ಲ ಆಚೆ ನಿಲ್ಸಿರೋದು?”

“ಇನ್ಯಾರು ಮಾಡ್ಬೇಕು? ನಿಮ್ಮತ್ತೆಗೆ ಹತ್ರದ್ದು ಕಣ್ ಕಾಣ್ಸಲ್ಲ. ನೀನು ಬರೋ ಹಂಗಿಲ್ಲ.”

“ನಾನು ಬಂದ್ರೆ ಹುಳಕ್ಕೆ ಏನೂ ಆಗಲ್ಲ ಅಮ್ಮ.”

“ಆಗಲ್ಲ ಅಂತ ನೀನಂತೀಯ. ಕೆಟ್ರೆ? ಹುಳ ಇಲ್ಲ ಅಂದ್ರೆ ಸೊಪ್ಪು ಇಳಿಸ್ಬೇಕು. ಸೊಪ್ಪು ಇಳಿಸಿದ್ ದಿನಾನೇ ಎಲ್ರೂ ಮತ್ತೆ ಒಳಗ್ ಬಂದು ಕೂತ್ಕೊತಾರೆ.”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು, ಬೆರಳನ್ನು ನೋಡಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅಪ್ಪ ಅರೆಗಣ್ಣಿನಲ್ಲಿ ಮಲಗಿದ್ದ. ನಮ್ಮ ಮಾತು ಅವನಿಗೆ ಎಷ್ಟು ತಿಳಿಯುತ್ತಿತ್ತೋ ಗೊತ್ತಿಲ್ಲ. ಅಮ್ಮ ಬಟ್ಟೆಯನ್ನು ಬೋಸಿಗೆ ಹಾಕಿ, ಅವನಿಗೆ ಹೊದಿಸಿ, ಪರದೆಯಾಚೆ ಹೋದಳು. ಹುಳುಗಳಿಗೆ ಸೊಪ್ಪು ಹಾಕಲು ಹೋದಳೆಂದುಕೊಂಡೆ. ಅವಳು ಒಂದು ತಟ್ಟೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದಳು. ಅದನ್ನು ಮನೆಯ ನಡುಕೋಣೆಗೆ ಒಯ್ದಿಟ್ಟು ಬಂದಳು. ಹಾಗೆಯೇ ಉಳಿದ ತಟ್ಟೆಗಳನ್ನೂ. ಕೊನೆಯದನ್ನು ಒಯ್ಯುವಾಗ ಕೊಟ್ಟಿಗೆಯ ಕಡೆ ತಿರುಗದೆಯೇ ಹೇಳಿದಳು:

“ಇನ್ನು ನೀನು ಅಲ್ಲಿಗ್ ಹೋಗು. ಮನೆ ಒಳಗ್ ಮಾತ್ರ ಬರ್ಬೇಡ.”

“ಬೇವಿನ ಸೊಪ್ಪು?”

“ಅದ್ಯಾಕ್ ಇಳಿಸ್ಬೇಕು? ಅಲ್ಲೇ ಇರ್ಲಿ.”

“ಯಾರಾದ್ರೂ ಕೇಳಿದ್ರೆ?”

“ಕೇಳಿದ್ರೆ ಹೇಳ್ತೀನಿ. ಯಾರೂ ಕೇಳಲ್ಲ.”

ಯಾರೂ ಕೇಳಲಿಲ್ಲ. ಅತ್ತೆಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ತಟ್ಟೆಗಳು ಮನೆಯೊಳಗೆ ಹೋದದ್ದು ಅವಳ ಮುಂದೆಯೇ. ಅವಳು ನಶ್ಯ ಏರಿಸಿ, ಬಾಗಿಲಿಗೆ ಮೊದಲಿಗಿಂತ ಹತ್ತಿರ ಸರಿದು ಕೂತಳು. ಮನೆಯೊಳಗೆ ಹುಳು ಬಂದಮೇಲೆ ಒಗ್ಗರಣೆ ನಿಂತಿತು. ಗೂಡು ಕಟ್ಟುವವರೆಗೂ ಎಲ್ಲರೂ ಬೇಯಿಸಿದ ಸೊಪ್ಪು, ಉಪ್ಪು, ಮುದ್ದೆ ಉಂಡೆವು. ಬಾಯಿಹುಣ್ಣಿನ ನನಗೆ ಅದೇ ಹಿತವಾಗಿತ್ತು. “ಮರದಲಾ, ನಿನ್ ಹುಳಕ್ಕಿಂತ ಸಪ್ಪೆ ಆಗೋದೆ ನಾನು,” ಎಂದು ಅತ್ತೆ ದಿನಾ ಊಟದ ತಟ್ಟೆಯ ಮುಂದೆ ಕೂತು ಹೇಳುತ್ತಿದ್ದಳು.

ಅಷ್ಟು ಮಾಡಿಯೂ ಜ್ವರ ಬಂತು. ನಾನು ಒಳಗೆ ಹೋದ ಮರುದಿನ ಮಧ್ಯಾಹ್ನ ಅಪ್ಪನ ಹಣೆ ಮುಟ್ಟಿದಾಗ ಕಾದ ಹಂಚಿನಂತಿತ್ತು. ಹುಣ್ಣಿನ ಅಂಚು ಕೆಂಪೇರಿ ಬಾತುಕೊಂಡಿತ್ತು. ಉಸಿರು ಸಣ್ಣಗೆ, ಬೇಗಬೇಗ. ನಾನು ಹೇಳಿ ಕಳಿಸಿದೆ. ಕೋಲಾರದ ಡಾಕ್ಟರೊಬ್ಬರು ಸ್ಕೂಟರಿನಲ್ಲಿ ಬಂದರು. ಅವರೂ ಬೇವಿನ ಸೊಪ್ಪು ನೋಡಿ ಹೊಸಿಲಾಚೆ ಚಪ್ಪಲಿ ಬಿಟ್ಟು ಕಾಲು ತೊಳೆದರು. ಎದೆ ಕೇಳಿದರು, ಹುಣ್ಣು ನೋಡಿದರು, ಪೆನಿಸಿಲಿನ್ ಕೊಡುತ್ತೇನೆಂದರು. ಊತಕ್ಕೆಂದು ಕೊಡುತ್ತಿದ್ದ ಮಾತ್ರೆಯ ವಿಷಯ ಹೇಳಿದೆ.

“ಅದನ್ನ ಈಗ ನಿಲ್ಸೋ ಹಾಗಿಲ್ಲ,” ಎಂದರು.

“ಗೊತ್ತು,” ಎಂದೆ.

“ಅದು ಇರೋವಷ್ಟು ದಿನ ಔಷಧಿ ಒಂದೇ ಹೋರಾಡ್ಬೇಕು. ಅವರ ಮೈಯಿಂದ ಸಹಾಯ ಕಡಿಮೆ.”

ಅದೂ ನನಗೆ ಗೊತ್ತಿತ್ತು. ಗೊತ್ತಿರುವುದರಿಂದ ಆಯಾಸ ಕಡಿಮೆಯಾಗುವುದಿಲ್ಲ. ದಿನವೂ ಸೂಜಿ ಹಾಕುವುದನ್ನು ಅವರಿಂದ ಕಲಿತುಕೊಂಡೆ. ಒದ್ದೆ ಬಟ್ಟೆ ಹಾಕುತ್ತಾ, ಉಸಿರು ಎಣಿಸುತ್ತಾ ಕೂತಿರುವಾಗ ನನ್ನ ಕಣ್ಣು ಮತ್ತೆಮತ್ತೆ ಅವನ ಎದೆಗೆ ಹೋಗುತ್ತಿತ್ತು. ಪೆನ್ಸಿಲಿನಲ್ಲಿ ಬಿಡಿಸಿದ್ದ ಆ ಎರಡು ಇಲಿಗಳು ನೆನಪಾಗುತ್ತಿದ್ದವು. ಅಮ್ಮ ಹೊಸಿಲಾಚೆ ನಿಂತು, “ಹೆಂಗವ್ರೆ?” ಎಂದು ಕೇಳುತ್ತಿದ್ದಳು. ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಿರುತ್ತಿದ್ದಳು. ಜ್ವರ ಆ ಬೆರಳಿನಿಂದ ಬಂತೋ, ಹಳೆಯ ಹುಣ್ಣಿನಿಂದಲೋ, ಮೊದಲು ಬಂದುಹೋದವರ ಕೆಮ್ಮಿನಿಂದಲೋ, ಹೇಳಲು ಬರುವುದಿಲ್ಲ. ಅವಳು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆಯೊಳಗೆ ಹುಳುಗಳು ಗೂಡು ಕಟ್ಟಿದವು. ಗೂಡು ಬಿಡಿಸಿ ಮಾರಿ ಬಂದಳು ಅಮ್ಮ. ಬೇವಿನ ಸೊಪ್ಪು ಒಣಗಿ ಉದುರಿದಾಗ ಅತ್ತೆಯೇ ಹೋಗಿ ಹೊಸದನ್ನು ಮುರಿದು ತಂದು ಸಿಕ್ಕಿಸಿದಳು. ಅಷ್ಟು ಹೊತ್ತಿಗೆ ಹುಣ್ಣಿನ ಅಂಚು ಬೆಳ್ಳಗಾಗಿ ಒಳಕ್ಕೆ ಸೇದಿಕೊಳ್ಳತೊಡಗಿತ್ತು. ಒಂದು ಬೆಳಿಗ್ಗೆ ಅಪ್ಪನ ಕುತ್ತಿಗೆ ಮುಟ್ಟಿದೆ. ತಣ್ಣಗಿತ್ತು, ಬೆವರಿತ್ತು. ನನಗೆ ಸಂತೋಷವಾಯಿತೆಂದು ಹೇಳಲಾರೆ. ಗೋಡೆಗೆ ಒರಗಿ ಅಲ್ಲೇ ನಿದ್ದೆಹೋದೆ.

ಅಪ್ಪ ಉಳಿದ. ಬಲಗೈ ಪೂರ್ತಿ ಬರಲಿಲ್ಲ, ಮಾಲೂರಿನ ಕೆಲಸ ಹೋಯಿತು. ಅತ್ತೆ ಗಂಟು ಕಟ್ಟಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದಳು. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿ, ಮನೆಯಿಂದಲೇ ಹೋಗಿಬರತೊಡಗಿದೆ. ಬೇಸಿಗೆ ಕಳೆದ ಮೇಲೆ ಅಮ್ಮ ಎಂದಿನಂತೆ ಪೂರ್ತಿ ಬೆಳೆಗೆ ಹುಳು ಇಟ್ಟಳು. ಆ ಬೆಳೆಯ ನಡುವೆ ನಾನು ಹೊರಗಾದ ದಿನ, ಹುಳುಮನೆಯ ಅಟ್ಟಣೆಯ ಹತ್ತಿರ ಇದ್ದವಳು ಯೋಚಿಸದೆ ಸೊಪ್ಪಿನ ಬುಟ್ಟಿಗೆ ಕೈಹಾಕಿದೆ. ಅಮ್ಮ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

“ಆಚೆ ಕೂತ್ಕೋ.”

“ಆವತ್ತು...” ಎಂದೆ.

“ಆವತ್ತು ಒಳಗೆ ಹುಳ ಎಲ್ಲಿತ್ತು?” ಎಂದಳು.

ಅಂಗಳಕ್ಕೆ ಬಂದೆ. ಸೂರಿನ ಕೆಳಗೆ, ಅತ್ತೆ ಕೂರುತ್ತಿದ್ದ ಜಾಗದಲ್ಲಿ, ಅಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನನ್ನೂ ಅಮ್ಮ ಒಳಗೆ ಬಿಡುತ್ತಿರಲಿಲ್ಲ. ಕೈ ನಡುಗಿ ಒಂದು ಸಲ ತಟ್ಟೆ ಬೀಳಿಸಿದ್ದ. ನಾನು ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತೆ. ಒಳಗೆ ಅಮ್ಮ ಸೊಪ್ಪು ಹೆಚ್ಚುವ ಸದ್ದು ಕೇಳುತ್ತಿತ್ತು. ಬಿಸಿಲು ಕೊಟ್ಟಿಗೆಯ ಕಡೆ ಸರಿದಿತ್ತು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ತುಟಿಯ ಸರಿಯಿದ್ದ ಕಡೆ ಸ್ವಲ್ಪ ಮೇಲೆ ಸರಿಯಿತು. ಆಮೇಲೆ ಅಕ್ಕನ ಗಂಟಲನ್ನೇ ಅಣಕಿಸುತ್ತಾ, ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ ಕೇಳಿದ:

“ನೇನೆವರೋ... ಚೆಪ್ಪು... ನಾಯನಾ?”

ಒಳಗೆ ಸೊಪ್ಪು ಹೆಚ್ಚುವ ಸದ್ದು ನಿಂತಿತು.

“ಅಪ್ಪ,” ಎಂದೆ.

ಸರಿ ಎನ್ನುವಂತೆ ಅವನು ತಲೆಯಾಡಿಸಿದ. ಸದ್ದು ಮತ್ತೆ ಶುರುವಾಯಿತು.